ಹಸುವಿನ ಮಿನರಲ್ ಪುಡಿಯನ್ನೇ ಕುರಿ, ಮೇಕೆ, ಕುದುರೆಗೂ ಹಾಕಬಹುದಾ?

ಓದುಗರ ಪ್ರಶ್ನೆ: "ಮನೆಯಲ್ಲಿ ಎರಡು ಹಸು, ಒಂದಷ್ಟು ಕುರಿ, ಮೂರ್ನಾಲ್ಕು ಮೇಕೆ ಇವೆ. ಹಸುವಿಗೆಂದು ಡೇರಿಯಿಂದ ಮಿನರಲ್ ಮಿಕ್ಸ್ಚರ್ ತಂದಿದ್ದೇವೆ. ಅದನ್ನೇ ಕುರಿ, ಮೇಕೆಗೂ ಒಂದೊಂದು ಹಿಡಿ ಹಾಕಿದರೆ ಆಗಲ್ವಾ? ಚಿಕ್ಕಪ್ಪನ ಹತ್ತಿರ ಒಂದು ಕುದುರೆ ಇದೆ, ಅದಕ್ಕೂ ಕೊಡಬಹುದಾ?"

ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಮೇಕೆಗೆ ಅಳತೆ ನೋಡಿ ಕೊಡಬಹುದು. ಕುರಿಗೆ, ಅದರಲ್ಲೂ ಕಟ್ಟಿ ಮೇಯಿಸುವ ಕುರಿಗೆ, ದಿನಾ ಕೊಡಬೇಡಿ. ಕುದುರೆಗೆ ಅದಕ್ಕೆಂದೇ ಮಾಡಿದ್ದನ್ನು ಕೊಡಿ. ಹಿಡಿ ಲೆಕ್ಕ ಮಾತ್ರ ಯಾವ ಪ್ರಾಣಿಗೂ ಬೇಡ.

ಇದಕ್ಕೆ ಮುಖ್ಯ ಕಾರಣ ಪುಡಿಯಲ್ಲಿರುವ ತಾಮ್ರ. ಚೀಲದ ಮೇಲಿನ ಪಟ್ಟಿಯಲ್ಲಿ ಕ್ಯಾಲ್ಸಿಯಂ, ರಂಜಕ ದೊಡ್ಡ ದೊಡ್ಡ ಅಂಕಿಗಳಲ್ಲಿ ಮೇಲೆಯೇ ಕಾಣುತ್ತವೆ. ತಾಮ್ರ ಎಲ್ಲೋ ಕೆಳಗೆ, ಸೊನ್ನೆ ಬಿಂದುವಿನ ಲೆಕ್ಕದಲ್ಲಿ ಇರುತ್ತದೆ. ಕುರಿ ಸಾಕುವವರು ಮೊದಲು ಓದಬೇಕಾದ ಸಾಲು ಅದೇ.

ತಾಮ್ರ ಎಲ್ಲಾ ಪ್ರಾಣಿಗಳಿಗೂ ಬೇಕು. ರಕ್ತ, ನರ, ಉಣ್ಣೆ, ಕೂದಲಿನ ಬಣ್ಣ ಎಲ್ಲಕ್ಕೂ ಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಮರಿಗಳು ಹಿಂಗಾಲು ಸ್ವಾಧೀನ ತಪ್ಪಿ ತೂರಾಡಿ ಬೀಳುತ್ತಿದ್ದವು. ಗಬ್ಬದ ಕುರಿಗೆ ತಾಮ್ರ ಸಾಲದೇ ಹೋಗಿದ್ದೇ ಇದಕ್ಕೆ ಕಾರಣ ಎಂದು 1937ರಲ್ಲಿ ಬೆನೆಟ್ಸ್ ಮತ್ತು ಚಾಪ್ಮನ್ ಎಂಬ ಇಬ್ಬರು ಸಂಶೋಧಕರು ತೋರಿಸಿದರು. ಹಾಗಾಗಿ ತಾಮ್ರವೇ ವಿಷ ಎಂದು ಹೆದರಿಸುವುದು ನನ್ನ ಉದ್ದೇಶ ಅಲ್ಲ. ಕುರಿಯ ವಿಷಯದಲ್ಲಿ ಬೇಕಾದಷ್ಟಕ್ಕೂ ಜಾಸ್ತಿಯಾದದ್ದಕ್ಕೂ ನಡುವಿನ ಅಂತರ ತುಂಬಾ ಕಿರಿದು. ತೊಂದರೆ ಇರುವುದು ಅಲ್ಲೇ.

ಹಸುವಿನ ದೇಹಕ್ಕೆ ಬೇಡವಾದ ತಾಮ್ರ ಪಿತ್ತರಸದ ಜೊತೆ ಹೊರಗೆ ಹೋಗುತ್ತದೆ. ಕುರಿಗೆ ಈ ಶಕ್ತಿ ಬಹಳ ಕಡಿಮೆ. ತಿಂದ ತಾಮ್ರ ಹಗೇವಿಗೆ ಸುರಿದ ಕಾಳಿನ ಹಾಗೆ ಲಿವರ್‌ನಲ್ಲಿ ಶೇಖರವಾಗುತ್ತಲೇ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಕುರಿ ಮೇಯುತ್ತದೆ, ಮೈತುಂಬಿ ಕಾಣುತ್ತದೆ. "ಪುಡಿ ಹಾಕಿದ ಮೇಲೆ ಎಷ್ಟು ಚೆನ್ನಾಗಾಗಿದೆ" ಎಂದು ನಾವೂ ಅಂದುಕೊಳ್ಳುತ್ತೇವೆ. ಆಮೇಲೆ ಒಂದು ದಿನ ಸಂತೆಗೆ ಲಾರಿ ಹತ್ತಿಸಿದಾಗ, ಮರಿ ಹಾಕಿದಾಗ, ಇಲ್ಲವೇ ಒಂದೆರಡು ದಿನ ಮೇವು ತಪ್ಪಿದಾಗ, ಲಿವರ್ ಆ ತಾಮ್ರವನ್ನೆಲ್ಲಾ ಒಮ್ಮೆಲೇ ರಕ್ತಕ್ಕೆ ಬಿಟ್ಟುಬಿಡುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣು, ಒಸಡು ಹಳದಿಯಾಗುತ್ತವೆ. ಮೂತ್ರ ಕಡುಗೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಮೇವು ಬಿಟ್ಟು ಮಂಕಾಗಿ ನಿಂತ ಕುರಿ ಹೆಚ್ಚಾಗಿ ಒಂದೆರಡು ದಿನದಲ್ಲೇ ಸಾಯುತ್ತದೆ.

ಈ ಹಂತ ಮುಟ್ಟಿದ ಕುರಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಆದರೆ ಅದರ ಜೊತೆಗೇ ಮೇಯ್ದ ಉಳಿದವನ್ನು ಉಳಿಸಿಕೊಳ್ಳಬಹುದು. ಅದಕ್ಕೇ ಮೊದಲ ಕುರಿ ಸತ್ತಾಗಲೇ ಪಶುವೈದ್ಯರನ್ನು ಕರೆಸಿ ಶವಪರೀಕ್ಷೆ ಮಾಡಿಸಿ. ಕಿಡ್ನಿ ನೀಲಿಗಪ್ಪು ಬಣ್ಣಕ್ಕೆ ತಿರುಗಿದ್ದರೆ ವೈದ್ಯರಿಗೆ ದೊಡ್ಡ ಸುಳಿವು ಸಿಕ್ಕಿದಂತೆ. ಉಣುಗು ಕಚ್ಚಿ ಬರುವ ಜ್ವರದಂಥ ಬೇರೆ ಕಾಯಿಲೆಗಳಲ್ಲೂ ಮೂತ್ರ ಕೆಂಪಾಗಬಹುದು, ಸುಮ್ನೆ ಊಹೆ ಮಾಡಿ ಔಷಧಿ ಹಾಕಬೇಡಿ.

ಈಗ ಲೆಕ್ಕಕ್ಕೆ ಬರೋಣ. ಚೀಲದ ಮೇಲೆ ತಾಮ್ರ 0.1% ಎಂದು ಬರೆದಿದೆ ಎಂದುಕೊಳ್ಳಿ. ಅಂದರೆ 1 ಗ್ರಾಂ ಪುಡಿಯಲ್ಲಿ 1 ಮಿಲಿಗ್ರಾಂ ತಾಮ್ರ. ಹಸುವಿಗೆ ದಿನಕ್ಕೆ 50 ಗ್ರಾಂ ಹಾಕಿದರೆ 50 ಮಿಲಿಗ್ರಾಂ ಆಯಿತು. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ಹಸು ದಿನಕ್ಕೆ ಸುಮಾರು 10 ಕೆಜಿ ಮೇವು ತಿನ್ನುತ್ತದೆ. ಹಾಗಾದರೆ ಪುಡಿಯಿಂದ ಪ್ರತಿ ಕೆಜಿ ಮೇವಿಗೆ ಸೇರಿದ್ದು 5 ಮಿಲಿಗ್ರಾಂ ಮಾತ್ರ. 30 ಕೆಜಿ ತೂಕದ ಕುರಿ ತಿನ್ನುವ ಒಣ ಮೇವು ದಿನಕ್ಕೆ ಸುಮಾರು 1 ಕೆಜಿ. ಅದಕ್ಕೆ 10 ಗ್ರಾಂ ಪುಡಿ ಹಾಕಿದರೆ ಆ ಒಂದು ಕೆಜಿಗೇ 10 ಮಿಲಿಗ್ರಾಂ ಸೇರಿತು. ನೋಡಿ, ಪುಡಿ ಐದರಲ್ಲಿ ಒಂದು ಪಾಲಾದರೂ ತಾಮ್ರದ ಸಾಂದ್ರತೆ ಹಸುವಿನ ಎರಡರಷ್ಟಾಯಿತು. ಇದರ ಮೇಲೆ ಹುಲ್ಲು, ಸೊಪ್ಪು, ಹಿಂಡಿಯಲ್ಲಿ ಮೊದಲೇ ಇರುವ ತಾಮ್ರ ಬೇರೆ.

ಕುರಿ ತಡೆದುಕೊಳ್ಳುವ ಮಿತಿ ಪ್ರತಿ ಕೆಜಿ ಒಣ ಮೇವಿಗೆ ಸುಮಾರು 15 ಮಿಲಿಗ್ರಾಂ. ಹಸುವಿನದು 40ರ ಸುತ್ತಮುತ್ತ, ಕುದುರೆಯದು 250. ಒಂದು ಹಿಡಿ ಪುಡಿ ಎಂದರೆ 10 ಗ್ರಾಂ ಆಗಿರುವುದೂ ಇಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಹಿಡಿ ಲೆಕ್ಕ ಬೇಡ ಎಂದು ಮೊದಲೇ ಹೇಳಿದ್ದು ಇದಕ್ಕೆ.

ಮೇವಿನಲ್ಲಿ ಮಾಲಿಬ್ಡಿನಮ್ ಎಂಬ ಖನಿಜ ಮತ್ತು ಗಂಧಕ ಸಾಕಷ್ಟಿದ್ದರೆ ಅವು ಹೊಟ್ಟೆಯಲ್ಲೇ ತಾಮ್ರವನ್ನು ಹಿಡಿದು ಮೈಗೆ ಹತ್ತದಂತೆ ಮಾಡುತ್ತವೆ. ಅವು ಕಡಿಮೆ ಇದ್ದ ಕಡೆ ಸಾಧಾರಣ ತಾಮ್ರವೂ ಜಾಸ್ತಿಯಾಗುತ್ತದೆ. ತಳಿಯೂ ಲೆಕ್ಕಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ನಾರ್ತ್ ರೊನಾಲ್ಡ್ಸೇ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಕುರಿಗಳು ತಲೆಮಾರುಗಳಿಂದ ಸಮುದ್ರದ ಪಾಚಿ ತಿಂದು ಬದುಕಿವೆ. ಆ ಪಾಚಿಯಿಂದ ಅವಕ್ಕೆ ದಕ್ಕುವ ತಾಮ್ರ ತೀರಾ ಕಡಿಮೆ. ಆ ಕುರಿಗಳನ್ನು ಬೇರೆ ಕಡೆ ಸಾಗಿಸಿ ಮಾಮೂಲಿ ಹುಲ್ಲಿಗೆ ಬಿಟ್ಟರೆ ಅದರಲ್ಲಿರುವ ತಾಮ್ರವೇ ಅವಕ್ಕೆ ವಿಷವಾಗಬಹುದು.

ಹಾಗಾದರೆ ಊರೂರು ಅಲೆದು ಬಯಲಲ್ಲಿ ಮೇಯುವ ಮಂದೆಗೆ? ಅಲ್ಲಿ ಅಪಾಯ ಬಹಳ ಕಡಿಮೆ. ಕುರಿ ಹತ್ತಾರು ಬಗೆಯ ಹುಲ್ಲು, ಸೊಪ್ಪು ಆರಿಸಿ ತಿನ್ನುತ್ತದೆ, ಹಿಂಡಿ ತಿನ್ನುವುದು ಅಪರೂಪ. ನನಗೆ ಹೆಚ್ಚು ಚಿಂತೆ ಇರುವುದು ಶೆಡ್ ಕಟ್ಟಿ ಟಗರು ಮೇಯಿಸುವವರ ಬಗ್ಗೆ. ಅಲ್ಲಿ ಹಸುವಿನ ಪಶು ಆಹಾರವನ್ನೇ ಕುರಿಗೂ ಹಾಕುತ್ತಾರೆ. ಆ ಚೀಲದ ಆಹಾರದಲ್ಲಿ ಸಾಮಾನ್ಯವಾಗಿ ಮಿನರಲ್ ಮಿಶ್ರಣ ಸೇರಿಸಿಯೇ ಇರುತ್ತಾರೆ. ಅದರ ಮೇಲೆ ಮತ್ತೆ ಪುಡಿ, ಗೋಡೆಗೆ ನೇತುಹಾಕಿದ ನೆಕ್ಕುವ ಮಿನರಲ್ ಇಟ್ಟಿಗೆ, ವಾರಕ್ಕೊಮ್ಮೆ ಲಿವರ್ ಟಾನಿಕ್. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಾಮ್ರ ಇರಬಹುದು. ಒಂದೊಂದನ್ನೇ ನೋಡಿದರೆ ಯಾವುದೂ ಜಾಸ್ತಿ ಅನ್ನಿಸುವುದಿಲ್ಲ. ಕೂಡಿಸಿ ನೋಡಿ. ಹಂದಿ ಆಹಾರದಲ್ಲಂತೂ ಬೆಳವಣಿಗೆಗೆಂದು ತಾಮ್ರವನ್ನು ಬೇಕಂತಲೇ ಜಾಸ್ತಿ ಹಾಕಿರಬಹುದು, ಅದನ್ನು ಕುರಿ ಹತ್ತಿರಕ್ಕೂ ಬಿಡಬೇಡಿ.

ತಾಮ್ರ ಕುರಿಯ ಹೊಟ್ಟೆ ಸೇರುವ, ನಮ್ಮ ಕಡೆ ಮರೆಯಲೇಬಾರದ ಇನ್ನೊಂದು ದಾರಿ ಮೈಲುತುತ್ತ. ಅಡಿಕೆ, ಕಾಫಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಕೊಳೆರೋಗಕ್ಕೆ ಹೊಡೆದ ಮೇಲೆ ಮರದಿಂದ ತೊಟ್ಟಿಕ್ಕಿದ್ದೆಲ್ಲಾ ಕೆಳಗಿನ ಹುಲ್ಲಿನ ಮೇಲೆ ಬೀಳುತ್ತದೆ. ಆ ಹುಲ್ಲಿಗೆ ಕುರಿ ಬಿಡಬೇಡಿ, ಕೊಯ್ದು ತಂದೂ ಹಾಕಬೇಡಿ. ಗೊರಸು ಕೊಳೆತಾಗ ಕಾಲು ಅದ್ದಿಸಲು ಇಡುವ ಮೈಲುತುತ್ತದ ನೀರನ್ನು ಕುರಿ ಕುಡಿಯದಂತೆ ನೋಡಿಕೊಳ್ಳಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರವೇ. ಕುರಿಗೆ ಒಂದೇ ಸಲಕ್ಕೆ, ಮೈತೂಕದ ಕೆಜಿಗೆ 20 ಮಿಲಿಗ್ರಾಂ ತಾಮ್ರ ಹೊಟ್ಟೆಗೆ ಹೋದರೂ ವಿಷವೇರಬಹುದು. 30 ಕೆಜಿ ಕುರಿಗೆ ಲೆಕ್ಕ ಹಾಕಿದರೆ ಎರಡೂವರೆ ಗ್ರಾಂ ಮೈಲುತುತ್ತವೂ ಬೇಡ. ಹೊಟ್ಟೆಹುಳಕ್ಕೆಂದು ಮೈಲುತುತ್ತದ ನೀರು ಕುಡಿಸುವ ಹಳೇ ರೂಢಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಅದಕ್ಕಿಂತ ಒಳ್ಳೆಯ, ಅಪಾಯವಿಲ್ಲದ ಜಂತುಹುಳದ ಔಷಧಿಗಳು ಈಗ ಎಲ್ಲಾ ಕಡೆ ಸಿಗುತ್ತವೆ.

ಮೇಕೆ ನೋಡಲು ಕುರಿಯ ಜೊತೆಗಾರ, ತಾಮ್ರದ ವಿಷಯದಲ್ಲಿ ಹಾಗಲ್ಲ. ಕುರಿಗಿಂತ ಜಾಸ್ತಿ ತಾಮ್ರ ಅದಕ್ಕೆ ಬೇಕು, ತಡೆದುಕೊಳ್ಳುತ್ತದೆ ಕೂಡ. ಕಪ್ಪು ಮೇಕೆಯ ಕೂದಲು ಕೆಂಪಗೆ, ಒರಟಾಗಿ ತಿರುಗುತ್ತಿದ್ದರೆ ತಾಮ್ರ ಸಾಲುತ್ತಿಲ್ಲ ಎಂಬ ಅನುಮಾನ ಬರಬೇಕು. ದೊಡ್ಡ ಮೇಕೆಗೆ ಹಸುವಿನ ಪುಡಿಯನ್ನು ದಿನಕ್ಕೆ 5ರಿಂದ 10 ಗ್ರಾಂ ಹಿಂಡಿಯಲ್ಲಿ ಕಲಸಿ ಕೊಡಬಹುದು. ಹಾಲು ಕುಡಿಯುವ ಮರಿಗೆ ಬೇಡ. ಕುರಿ, ಮೇಕೆ ಒಂದೇ ಗೋದಲಿಯಲ್ಲಿ ತಿನ್ನುವ ಮನೆಯಾದರೆ ಕುರಿಯ ಮಿತಿಯನ್ನೇ ಎರಡಕ್ಕೂ ಇಟ್ಟುಕೊಳ್ಳಿ, ಇಲ್ಲವೇ ಮೇಕೆಗೆ ಬೇರೆ ಕಟ್ಟಿ ಕೊಡಿ. ಕುರಿಗೆಂದೇ ತಾಮ್ರ ಇಲ್ಲದ ಅಥವಾ ತೀರಾ ಕಡಿಮೆ ಇರುವ ಮಿಶ್ರಣ ಸಿಕ್ಕಿದರೆ ಅದನ್ನೇ ತನ್ನಿ. ಸಿಗದಿದ್ದರೆ ಸುಮ್ಮನೆ ಉಪ್ಪು ನೆಕ್ಕಿಸಿ, ಬಗೆಬಗೆಯ ಸೊಪ್ಪು ಹಾಕಿ, ಉಳಿದದ್ದನ್ನು ವೈದ್ಯರನ್ನು ಕೇಳಿ ತೀರ್ಮಾನಿಸಿ.

ಟಗರು, ಹೋತ ಕಟ್ಟಿ ಮೇಯಿಸುವವರಿಗೆ ಇನ್ನೊಂದು ಎಚ್ಚರಿಕೆ. ಗೋಧಿ ಬೂಸಾ, ಮೆಕ್ಕೆಜೋಳದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಡಿಮೆ. ಇವನ್ನೇ ಹೊಟ್ಟೆ ತುಂಬಾ ಹಾಕಿದರೆ ಗಂಡುಗಳಲ್ಲಿ ಮೂತ್ರದ ಕಲ್ಲು ಕಟ್ಟುತ್ತದೆ. ಚಿಕ್ಕ ವಯಸ್ಸಿಗೇ ಬೀಜ ಒಡೆದವಕ್ಕೆ ಮೂತ್ರನಾಳ ಕಿರಿದಾಗಿರುವುದರಿಂದ ಅಪಾಯ ಇನ್ನೂ ಜಾಸ್ತಿ. ಬಾಲ ಅಲ್ಲಾಡಿಸುತ್ತಾ ತಿಣುಕುವುದು, ಹನಿ ಹನಿ ಮೂತ್ರ, ಹಲ್ಲು ಕಡಿಯುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಮೂತ್ರಕೋಶ ಒಡೆದುಹೋಗಬಹುದು. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟಿರಬೇಕು. ಮೊದಲೇ ಬೂಸಾ ತಿನ್ನುವ ಟಗರಿಗೆ ಮತ್ತೆ ರಂಜಕ ತುಂಬಿದ ಪುಡಿ ಹಾಕಿದರೆ ಉಪಕಾರ ಏನೂ ಆಗುವುದಿಲ್ಲ. ಒಣ ಮೇವು, ಸ್ವಲ್ಪ ಉಪ್ಪು, ಯಾವಾಗಲೂ ಶುದ್ಧ ನೀರು, ಇವು ಅದಕ್ಕೆ ಬೇಕು.

ಚಿಕ್ಕಪ್ಪನ ಕುದುರೆಗೆ ಬರೋಣ. ತಾಮ್ರವನ್ನು ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಅದರ ಅಪಾಯ ಬೇರೆ ಕಡೆ ಇದೆ. ಮೊನೆನ್ಸಿನ್ ಎಂಬ ಔಷಧಿಯನ್ನು ಕೋಳಿಗಳ ರಕ್ತಭೇದಿ ತಡೆಯಲು ಕೋಳಿ ಆಹಾರದಲ್ಲಿ ಸೇರಿಸುತ್ತಾರೆ, ಕೆಲವು ದೇಶಗಳಲ್ಲಿ ದನದ ಆಹಾರದಲ್ಲೂ ಹಾಕುತ್ತಾರೆ. ಕೋಳಿಯ ಪ್ರಾಣ ತೆಗೆಯಲು ಮೈತೂಕದ ಕೆಜಿಗೆ ಸುಮಾರು 200 ಮಿಲಿಗ್ರಾಂ ಬೇಕು. ಕುದುರೆಗೆ 2ರಿಂದ 3 ಮಿಲಿಗ್ರಾಂ ಪ್ರಾಣ ತೆಗೆಯುತ್ತದೆ. ಹೃದಯದ ಸ್ನಾಯುವೇ ಹಾಳಾಗುತ್ತದೆ, ಇದಕ್ಕೆ ಪ್ರತಿವಿಷ ಇಲ್ಲ. ಆದ್ದರಿಂದ ಕೋಳಿ ಆಹಾರದ ಚೀಲ ಕುದುರೆಯ ಬಾಯಿಗೆ ಎಟುಕಬಾರದು. ಬೇರೆ ಪ್ರಾಣಿಗೆ ಮಾಡಿದ ಯಾವ ಆಹಾರವನ್ನೂ ಪಟ್ಟಿ ಓದದೆ ಅದಕ್ಕೆ ಹಾಕಬಾರದು. ದನಕ್ಕೆ ಮಾಡಿದ ಯೂರಿಯಾ ಬೆಲ್ಲದ ಇಟ್ಟಿಗೆಯಿಂದಲೂ ಕುದುರೆಗೆ ಪ್ರಯೋಜನ ಇಲ್ಲ. ಯೂರಿಯಾದಿಂದ ಪ್ರೋಟೀನ್ ಮಾಡಿಕೊಳ್ಳುವುದು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ.

ಬರೀ ಬೂಸಾ ತಿಂದ ಕುದುರೆಗೆ ಮುಖದ ಮೂಳೆ ಊದಿಕೊಳ್ಳುವ ಕಾಯಿಲೆಯೂ ಬರುತ್ತದೆ. ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಪಟ್ಟು. ಅದನ್ನು ಸರಿತೂಗಿಸಲು ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಹಿಂದೆ ಗಿರಣಿಯವರ ಕುದುರೆಗಳಲ್ಲಿ ಇದು ಮಾಮೂಲಿಯಾಗಿತ್ತು. ಬೆಳಗಾವಿ ಕಡೆ ಕುರಿಮಂದೆಯ ಜೊತೆ ಸಾಮಾನು ಹೊತ್ತು ನಡೆಯುವ ಕುದುರೆಗಳು ದಿನವಿಡೀ ಹುಲ್ಲು ಮೇಯುತ್ತವೆ, ಅವಕ್ಕೆ ಈ ಕಾಟ ಕಡಿಮೆ. ಕೊಟ್ಟಿಗೆಯಲ್ಲೇ ನಿಲ್ಲುವ ಕುದುರೆಗೆ ಹುಲ್ಲು ಮೊದಲು, ಹುರುಳಿ ಬೂಸಾ ಆಮೇಲೆ.

ಪುಡಿ ಕೊಳ್ಳುವಾಗ ಐಎಸ್ 1664 ಮತ್ತು ಐಎಸ್‌ಐ ಗುರುತು ಇದೆಯಾ ನೋಡಿ, ಅದು ದನದ ಮಿನರಲ್ ಮಿಶ್ರಣಕ್ಕೆ ಇರುವ ಮಾನದಂಡ. ಅದರಲ್ಲಿ ಫ್ಲೋರಿನ್‌ಗೂ ಮಿತಿ ಇದೆ. ಪಾವಗಡದ ಹಾಗೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಇರುವ ಕಡೆ ಅಗ್ಗದ, ಗುರುತಿಲ್ಲದ ಪುಡಿ ತರಲೇಬೇಡಿ. ಉಪ್ಪು ಸೇರಿಸಿದ್ದು, ಸೇರಿಸದ್ದು ಎರಡೂ ಬಗೆ ಬರುತ್ತವೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವಿನ ಕೊರತೆ ನೋಡಿ ಮಿಶ್ರಣ ರೂಪಿಸುವ ಕೆಲಸ ಮಾಡಿದೆ. ನಿಮ್ಮ ಜಿಲ್ಲೆಗೆ ಹೊಂದುವಂಥದ್ದು ಇದೆಯಾ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಕುರಿ, ಮೇಕೆ ಬಡಕಲಾಗಿದೆ ಎಂದು ಪುಡಿ ತರುವ ಮೊದಲು ಅದರ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಬಿಳಚಿಕೊಂಡಿದ್ದರೆ ಹೆಚ್ಚಾಗಿ ರಕ್ತ ಹೀರುವ ಹೊಟ್ಟೆಹುಳುವಿನ ಕೆಲಸ. ಆಗ ಬೇಕಾದದ್ದು ಜಂತುಹುಳದ ಔಷಧಿ.

ಕೊನೆಗೆ, ಈಗಾಗಲೇ ತಿಂಗಳುಗಟ್ಟಲೆ ಕುರಿಗೆ ಹಸುವಿನ ಪುಡಿ ಹಾಕಿದವರಿಗೆ. ಇವತ್ತಿಂದ ನಿಲ್ಲಿಸಿ, ಪಶು ಆಹಾರದ ಚೀಲದ ಪಟ್ಟಿಯನ್ನೂ ಓದಿ. ಸ್ವಲ್ಪ ದಿನ ಕುರಿಗಳನ್ನು ದೂರ ನಡೆಸಬೇಡಿ, ಲಾರಿ ಹತ್ತಿಸಬೇಡಿ, ಹಸಿವಿಗೆ ಬಿಡಬೇಡಿ. ವೈದ್ಯರಿಗೆ ಎಷ್ಟು ದಿನ, ಎಷ್ಟು ಗ್ರಾಂ ಎಂದು ಸರಿಯಾಗಿ ಹೇಳಿ, ಲಿವರ್ ಕಿಣ್ವಗಳ ರಕ್ತಪರೀಕ್ಷೆ ಮಾಡಿಸಲು ಕೇಳಿ. ರಕ್ತದಲ್ಲಿನ ತಾಮ್ರ ಮಾತ್ರ ನೋಡಿದರೆ ಸಾಲದು, ಲಿವರ್ ತುಂಬಿದ್ದರೂ ಅದು ಸರಿಯಾಗಿಯೇ ಕಾಣಬಹುದು. ಬೇಕೆನಿಸಿದರೆ ವೈದ್ಯರು ಮಾಲಿಬ್ಡಿನಮ್ ಲವಣ ಕೊಟ್ಟು ತಾಮ್ರ ಇಳಿಸುತ್ತಾರೆ. ಅದರ ಪ್ರಮಾಣ ತಪ್ಪಿದರೂ ಕಷ್ಟ, ಅದನ್ನು ಅವರೇ ಕೊಡಲಿ.