ಕಚ್ಚಿಕೊಂಡ ಸ್ಕ್ರೂ, ಸವೆದ ತಲೆ

1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಗಾಡಿಗಳು ಬೆಂಗಳೂರಿನ ರಸ್ತೆಗಳಲ್ಲಿ ಇವತ್ತಿಗೂ ಓಡುತ್ತಿವೆ. ಇಂಥ ಹಳೆಯ ಗಾಡಿಯ ಕ್ಲಚ್ ಪ್ಲೇಟ್ ಬದಲಿಸಲು ಕೂತರೆ ಮೊದಲು ಎದುರಾಗುವುದು ಎಂಜಿನ್ ಕವರಿನ ಸ್ಕ್ರೂಗಳು. ಮೇಲಿನ ಸಾಲಿನವು ಹೇಗೋ ಬರುತ್ತವೆ. ಮಳೆಗಾಲದ ಕೆಸರು, ವಾಟರ್ ವಾಶ್‌ನ ನೀರು ಎಲ್ಲ ಕುಡಿದಿರುವ ಕೆಳಗಿನ ಸಾಲಿನವು ಮಿಸುಕುವುದಿಲ್ಲ. ಸಿಟ್ಟಿನಲ್ಲಿ ಇನ್ನೊಂದು ಸುತ್ತು ಹಾಕಿದರೆ ಪ್ಲಸ್ ಆಕಾರದ ಗುಳಿ ದುಂಡಗಾಗಿ ಬೆಳ್ಳಗೆ ಹೊಳೆಯುತ್ತದೆ. ತಲೆ ಹೋಯಿತು.

ಕವರು, ಕ್ರ್ಯಾಂಕ್‌ಕೇಸು (ಕವರು ಕೂರುವ ಎಂಜಿನ್ನಿನ ಮೈ) ಎರಡೂ ಅಲ್ಯೂಮಿನಿಯಂ. ಸ್ಕ್ರೂ ಸತುವಿನ ಲೇಪ ಹೊದ್ದ ಉಕ್ಕು. ಎರಡು ಬೇರೆ ಲೋಹಗಳ ನಡುವೆ ಕೊಳಕು ನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ. ಮೊದಲು ಸತು ಕರಗುತ್ತದೆ, ಅದು ಮುಗಿದ ಮೇಲೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಸವೆದು ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಪುಡಿ ಬಿಗಿದು ಗಾರೆಯಂತೆ ಕೂರುತ್ತದೆ. ಹಾಗಾಗಿ ಮೊದಲ ಕೆಲಸ ಈ ಗಾರೆಯನ್ನು ಒಡೆಯುವುದು, ತಿರುಗಿಸುವುದು ಆಮೇಲೆ.

ತಲೆ ಸವೆಯುವುದಕ್ಕೆ ತೋಳಿನ ಬಲಕ್ಕಿಂತ ಸ್ಕ್ರೂಡ್ರೈವರಿನ ಆಕಾರವೇ ಹೆಚ್ಚಿನ ಕಾರಣ. 1936ರಲ್ಲಿ ಪೇಟೆಂಟ್ ಆದ ಫಿಲಿಪ್ಸ್ ಮಾದರಿಯ ಗುಳಿಗೆ ಓರೆ ಗೋಡೆಗಳು. ತಿರುಚಿದಷ್ಟೂ ಆ ಓರೆ ಡ್ರೈವರನ್ನು ಹೊರಕ್ಕೆ ತಳ್ಳುತ್ತದೆ. ಜಪಾನಿ ಗಾಡಿಗಳ ಸ್ಕ್ರೂ ನೋಡಲು ಹಾಗೇ ಇದ್ದರೂ ಅದರ ಅಳತೆ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ್ದು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಸಣ್ಣ ಚುಕ್ಕೆಯೊಂದು ಇರುತ್ತದೆ. ಫಿಲಿಪ್ಸ್ ಡ್ರೈವರಿನ ತುದಿ (ಬಿಟ್) ಅದರೊಳಗೆ ಪೂರ್ತಿ ಇಳಿಯದೆ ಅಂಚಿನಲ್ಲಷ್ಟೇ ಹಿಡಿಯುತ್ತದೆ. ಎಂ6 (6 ಮಿ.ಮೀ. ದಪ್ಪದ) ಸ್ಕ್ರೂಗೆ 3ನೇ ನಂಬರಿನ ಜೆಐಎಸ್ ಬಿಟ್, ಎಂ5ಕ್ಕೆ 2ನೇ ನಂಬರ್. 3ರ ಜಾಗದಲ್ಲಿ 2 ಹಾಕಿ ತಿರುಗಿಸುವುದೇ ನಮ್ಮಲ್ಲಿ ಅತಿ ಹೆಚ್ಚು ತಲೆ ಕೆಡಿಸುವ ತಪ್ಪು.

ಗುಳಿಯೊಳಗಿನ ಮಣ್ಣನ್ನು ಗುಂಡುಸೂಜಿಯಿಂದ ಕೆರೆದು ತೆಗೆಯಿರಿ. ಸಂದಿಗೆ ಇಳಿಯುವ ಪೆನಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ನೆನೆಯಲಿ. ಬೆಳಗ್ಗೆ ಇಂಪ್ಯಾಕ್ಟ್ ಡ್ರೈವರ್ ಕೈಗೆತ್ತಿಕೊಳ್ಳಿ. ಎಸ್‌.ಪಿ. ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಸಿಗುವ ಈ ದಪ್ಪ ಉಕ್ಕಿನ ಹಿಡಿಯೊಳಗೆ ಓರೆಯಾದ ಕ್ಯಾಮ್ ಇದೆ. ಹಿಂಬದಿಗೆ ಸುತ್ತಿಗೆ ಏಟು ಬಿದ್ದಾಗ ಬಿಟ್ಟು ಗುಳಿಗೆ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ತುಸು ತಿರುಗುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದ 1 ಕಿಲೋ ಸುತ್ತಿಗೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತರೆ ಸರಾಸರಿ ಬಲ 4,000 ನ್ಯೂಟನ್, ಅಂದರೆ ಸುಮಾರು 400 ಕಿಲೋ ಭಾರ. ಅಂಗೈಯಿಂದ ಎಷ್ಟು ಒತ್ತಿದರೂ ಇದರ ಹತ್ತಿರ ಬರುವುದಿಲ್ಲ. ಗಾರೆ ಬಿರುಕುಬಿಡುವುದೂ ಈ ಏಟಿಗೇ.

ಹೊಡೆಯುವ ಮೊದಲು ಹಿಡಿಯನ್ನು ಬಿಚ್ಚುವ ದಿಕ್ಕಿಗೆ ತಿರುಚಿ ಹಿಡಿದಿರಬೇಕು. ಗಾಡಿ ಮೇನ್ ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಂತಿರಲಿ, ಏಟು ಸ್ಕ್ರೂವಿನ ನೇರಕ್ಕೇ ಬೀಳಲಿ; ವಾರೆಯಾದರೆ ಕವರು ಸೀಳುತ್ತದೆ. ಪುಟಾಣಿ ಸುತ್ತಿಗೆಯ ಹತ್ತು ಏಟಿಗಿಂತ ಭಾರದ ಸುತ್ತಿಗೆಯ ಎರಡು ಏಟು ಲೇಸು. ಗುಳಿ ಆಗಲೇ ಸ್ವಲ್ಪ ಸವೆದಿದ್ದರೆ ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ. ಅದರ ಹರಳು ಲೋಹಕ್ಕೆ ಕಚ್ಚಿ ಹಿಡಿತ ಕೊಡುತ್ತದೆ.

ಇದಕ್ಕೂ ಬಗ್ಗದಿದ್ದರೆ ಹೀಟ್ ಗನ್. ಅದಕ್ಕೂ ಮುನ್ನ ಪೆಟ್ರೋಲ್ ಟ್ಯಾಂಕು, ಕಾರ್ಬುರೇಟರ್ ಕಳಚಿ ದೂರ ಇಡಬೇಕು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 100 ಡಿಗ್ರಿ ಬಿಸಿ ಏರಿದಾಗ 6 ಮಿ.ಮೀ. ತೂತಿನಲ್ಲಿ ಸಿಗುವ ಸಡಿಲ ಬರೀ 6–7 ಮೈಕ್ರಾನ್. ಗಾರೆ ಬಿಡಿಸಲು ಅಷ್ಟು ಸಾಕು. ಆದರೆ ಬಿಸಿಯಲ್ಲಿ ಕವರೂ ದಪ್ಪವಾಗಿ ಸ್ಕ್ರೂವಿನ ತಲೆಯನ್ನು ಎಳೆದು ಹಿಡಿಯುತ್ತದೆ. ಆದ್ದರಿಂದ ಕಾಯಿಸಿ, ಉಗುರುಬೆಚ್ಚಗಾಗುವವರೆಗೆ ಬಿಟ್ಟು, ಆಮೇಲೆ ಇಂಪ್ಯಾಕ್ಟ್ ಹಾಕಿ. ಆಯಿಲ್ ಸೀಲಿನ ಹತ್ತಿರ ಗನ್ ಹೆಚ್ಚು ಹೊತ್ತು ಹಿಡಿಯಬೇಡಿ.

ತಲೆ ಪೂರ್ತಿ ಹೋಗಿದ್ದರೆ ಡ್ರಿಲ್. ಜನ ಹೆದರುವುದು ಇಲ್ಲಿಗೆ, ಹೆದರುವ ಅಗತ್ಯವೇ ಇಲ್ಲ. ಸ್ಕ್ರೂ ಬಿಗಿಯುವಾಗ ಹಾಕುವ ಬಲದಲ್ಲಿ ಸರಿಸುಮಾರು ಅರ್ಧ ತಲೆಯಡಿಯ ಘರ್ಷಣೆಗೆ, ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಕವರನ್ನು ಒತ್ತಿಹಿಡಿಯಲು ಉಳಿಯುವುದು ಹತ್ತರಷ್ಟು. ತಲೆ ತೆಗೆದರೆ ಆ ಅರ್ಧವೂ ಇಲ್ಲ, ಥ್ರೆಡ್ಡನ್ನು ಬಿಗಿದಿದ್ದ ಎಳೆತವೂ ಇಲ್ಲ. ಮೊದಲು 3 ಮಿ.ಮೀ. ಬಿಟ್ಟಿನಿಂದ ನಡುಮಧ್ಯಕ್ಕೆ ದಾರಿ ಮಾಡಿ, ಆಮೇಲೆ 6 ಮಿ.ಮೀ. ಬಿಟ್ಟನ್ನು ನಿಧಾನ ವೇಗದಲ್ಲಿ ಇಳಿಸಿ. ಉಕ್ಕಿನ ಸುರುಳಿಗಳು ಹೊರಬರುತ್ತಾ ಇದ್ದಂತೆ ತಲೆ ಉಂಗುರದಂತೆ ಕಳಚಿ ಬಿಟ್ಟಿನ ಜೊತೆ ಗಿರಗಿರನೆ ತಿರುಗತೊಡಗುತ್ತದೆ. ಆಗಲೇ ನಿಲ್ಲಿಸಿ. ಪುಡಿಯನ್ನೆಲ್ಲ ಒರೆಸಿ ಕವರು ಎಳೆದರೆ ಮೋಟು ಕಡ್ಡಿ ಉಳಿದಿರುತ್ತದೆ. ಗ್ರಿಪ್ ಪ್ಲೈಯರ್ ಕಚ್ಚಿಸಿದರೆ ಅನೇಕ ಸಲ ಸಲೀಸಾಗಿ ಬರುತ್ತದೆ. ಎಡಗಡೆಯ ಮ್ಯಾಗ್ನೆಟ್ ಕವರಾದರೆ ಒರೆಸುವುದರಲ್ಲಿ ಇನ್ನೂ ಎಚ್ಚರ ಬೇಕು: ಉಕ್ಕಿನ ಪುಡಿ ಮ್ಯಾಗ್ನೆಟ್ಟಿಗೆ ಅಂಟಿ ಕಾಯಿಲ್ ಉಜ್ಜುತ್ತದೆ.

ಎಂ6ರಷ್ಟು ಸಣ್ಣ ಸ್ಕ್ರೂಗೆ ಈಜಿ ಔಟ್ (ಮುರಿದ ಸ್ಕ್ರೂವಿನೊಳಗೆ ಕಚ್ಚಿಸಿ ಹೊರತಿರುಗಿಸುವ ಉಪಕರಣ) ಬಳಸಬೇಡಿ. ಅದು ಗಡಸು, ಪೆಡಸು. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಮುಟ್ಟುವುದೂ ಇಲ್ಲ, ಎಂಜಿನ್ ಹೊತ್ತು ಪೀಣ್ಯದ ಕಡೆ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಎರೋಷನ್ ಮಾಡುವವರನ್ನು ಹುಡುಕಬೇಕಾಗುತ್ತದೆ.

ವಾಪಸು ಹಾಕುವಾಗ ಹಲವರು ಸ್ಟೇನ್‌ಲೆಸ್ ಆಲೆನ್ ಸ್ಕ್ರೂ ಹಾಕುತ್ತಾರೆ. ಕೀ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ಸ್ಟೇನ್‌ಲೆಸ್ ಜೊತೆ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆ, ಅದಕ್ಕೆ ಸತುವಿನ ರಕ್ಷಣೆಯಿಲ್ಲ. ಥ್ರೆಡ್ಡಿಗೆ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ತೆಳುವಾಗಿ ಸವರಿಯೇ ಹಾಕಿ. ಎಂ6ಕ್ಕೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು. ಪೇಸ್ಟ್ ಸವರಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆಯಾಗಿ ಎಳೆತ ಹೆಚ್ಚುವುದರಿಂದ 8ಕ್ಕೇ ನಿಲ್ಲಿಸಿ.