ಲಂಚದ ಕೇಸಿನಲ್ಲಿ ಸಾಕ್ಷಿ ಯಾಕೆ ತಿರುಗಿಬೀಳುತ್ತಾರೆ?

ಮಂಗಳೂರಿನಲ್ಲಿ ವಕೀಲಿ ಮಾಡುವ ನನ್ನ ಬಳಿ ಜಾಗದ ಕಾಗದಪತ್ರ ಹಿಡಿದುಕೊಂಡು ಬರುವವರು ಹಿಂದೆ "ದುಡ್ಡು ಕೊಡದೆ ಆಗುವುದಿಲ್ವಾ?" ಎಂದು ಕೇಳುತ್ತಿದ್ದರು. ಈಗ ಕೇಳುವುದು "ಎಷ್ಟು ಆಗಬಹುದು ಸಾರ್?" ಎಂದು. ಪಹಣಿ ತಿದ್ದುಪಡಿ ಇರಲಿ, ಜಾಗ ಭಾಗ ಮಾಡಲು ಬೇಕಾದ 11ಇ ನಕ್ಷೆ ಇರಲಿ, ಕೃಷಿ ಜಾಗವನ್ನು ಮನೆ ಕಟ್ಟಲು ಬದಲಿಸುವ ಕನ್ವರ್ಷನ್ ಇರಲಿ, ಸರಕಾರಿ ಶುಲ್ಕದ ಜತೆಗೆ ಇನ್ನೊಂದು ಮೊತ್ತವನ್ನೂ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ಮಾತಿನಲ್ಲಿ ಸಿಟ್ಟಿಲ್ಲ, ಬೇಸರವೂ ಇಲ್ಲ. ನನಗೆ ಲಂಚಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇದೇ. ಕೇಸುಗಳು ಬಿದ್ದುಹೋಗುವುದೂ ಇಲ್ಲಿಂದಲೇ.

ಲಂಚ ತೆಗೆದುಕೊಳ್ಳುವಾಗಲೇ ಅಧಿಕಾರಿಯನ್ನು ಹಿಡಿಯುವ ಟ್ರ್ಯಾಪ್ ಹೇಗೆ ನಡೆಯುತ್ತದೆ ನೋಡಿ. ದೂರುದಾರರು ತಂದ ನೋಟುಗಳ ನಂಬರ್ ಬರೆದುಕೊಂಡು ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಸಾಕ್ಷಿಗೆಂದು ಪೊಲೀಸರು ಕರೆತಂದ ಪಂಚರಲ್ಲಿ ಒಬ್ಬರು ನೆರಳು ಸಾಕ್ಷಿಯಾಗಿ ದೂರುದಾರರ ಜತೆಗೇ ಹೋಗುತ್ತಾರೆ. ಅಧಿಕಾರಿ ಹಣ ಮುಟ್ಟಿದ ಮೇಲೆ ಅವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ ಸೀಲ್ ಮಾಡುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೊ, ಊರಿಡೀ ಅದೇ ಮಾತು.

ಆದರೆ ಕೋರ್ಟಿಗೆ ಆ ಬಾಟಲಿಯಷ್ಟೇ ಸಾಲದು. ಅಧಿಕಾರಿ ಹಣ ಕೇಳಿದ್ದರು ಎಂಬುದೂ ಸಾಬೀತಾಗಬೇಕು. ಅದನ್ನು ಹೇಳಬೇಕಾದ ಮುಖ್ಯ ಸಾಕ್ಷಿ ದೂರುದಾರರೇ. ಅವರು ಕಟಕಟೆ ಹತ್ತುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಕನ್ವರ್ಷನ್ ಆಗಿದೆ, ಮನೆ ಎದ್ದಿದೆ, ಗೃಹಪ್ರವೇಶದ ಒಕ್ಕಲೂ ಮುಗಿದಿದೆ. ಅಮಾನತಾಗಿದ್ದ ಅಧಿಕಾರಿಗೆ ಬೇರೆ ಕಡೆ ಪೋಸ್ಟಿಂಗ್ ಸಿಕ್ಕಿರುತ್ತದೆ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಸಾಲಿನಲ್ಲಿ ಅವರ ಹೆಸರು ಕಂಡದ್ದೂ ಉಂಟು. ನೆಂಟರು, ನೆರೆಕರೆಯವರು ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳುವುದು ದೂರುದಾರರಿಗೆ: "ಬಿಟ್ಟುಬಿಡಿ ಮಾರಾಯ್ರೆ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಎಲ್ಲ ಕಡೆ ಇದ್ದದ್ದೇ ಅಲ್ವಾ?" ಇಷ್ಟಾದ ಮೇಲೆ ಸಾಕ್ಷಿ ಪ್ರತಿಕೂಲವಾಗದೆ ಇನ್ನೇನು? ದೈವದ ಎದುರು ಸುಳ್ಳು ಪ್ರಮಾಣ ಮಾಡಲು ನಡುಗುವ ನಮ್ಮ ಜನ ಕೋರ್ಟಿನಲ್ಲಿ ಪ್ರಮಾಣ ಮಾಡಿ "ನನಗೆ ನೆನಪಿಲ್ಲ" ಅನ್ನುತ್ತಾರೆ. ಹೆದರಿಕೆ, ಆಮಿಷ ಇಲ್ಲವೆಂದಲ್ಲ. ಆದರೆ ಊರೇ ಕೈಬಿಟ್ಟದ್ದರಿಂದ ಸೋತು ಹೀಗೆ ಹೇಳಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಹೀಗೆ ಲಂಚವನ್ನು ಒಪ್ಪಿಕೊಂಡು ಸುಮ್ಮನಿರುವುದು ನಮ್ಮ ಕರಾವಳಿಯ ಗುಣವೇನೂ ಆಗಿರಲಿಲ್ಲ. 1973ರಲ್ಲಿ ತಮ್ಮನ್ನು ಬದಿಗಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ಹುದ್ದೆಯನ್ನೇ ಬಿಟ್ಟು ಬಂದರು. ಅವರ ಮಗ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ, ಅದೇ ತಿಂಗಳು ಮುಗಿಯುವುದರೊಳಗೆ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅಂದು ಜನರ ಸಿಟ್ಟಿಗೆ ಒಂದು ತೂಕ ಇತ್ತು. ಆಮೇಲೆ 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಬಂತು, ಲಂಚದ ಕೇಸು ತನಿಖೆ ಮಾಡುವ ಲೋಕಾಯುಕ್ತ ಪೊಲೀಸರ ಅಧಿಕಾರ ಹೋಯಿತು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು, ಅಧಿಕಾರ ವಾಪಸ್ ಬಂತು. ನಡುವಿನ ಆರು ವರ್ಷ ಈ ಬಗ್ಗೆ ಚಿಂತಿಸಿದವರು ಎಷ್ಟು ಮಂದಿ?

ಕಾನೂನಿನಲ್ಲಿ ದಾರಿ ಇದೆ, ಕಕ್ಷಿದಾರರಿಗೆ ಅದನ್ನೇ ಹೇಳುತ್ತೇನೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆ ಉಂಟು. ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಯತ್ನಿಸಬೇಕೆಂದು ಅದೇ ತಿದ್ದುಪಡಿ ಹೇಳುತ್ತದೆ. ದೂರುದಾರರು ತಿರುಗಿಬಿದ್ದರೂ, ತೀರಿಹೋದರೂ, ಉಳಿದ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಹೇಳಿದೆ.

ಪತ್ರಕರ್ತ ಗೆಳೆಯರಲ್ಲಿ ಒಂದು ಕೋರಿಕೆ. ದಾಳಿಯ ದಿನ ಫೋಟೊ ಹಾಕುತ್ತೀರಿ, ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಕೇಸ್ ನಂಬರನ್ನೂ ಹಾಕಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ನಂಬರ್ ಒತ್ತಿದರೆ ಮುಂದಿನ ತಾರೀಕು ಯಾರಿಗೂ ಸಿಗುತ್ತದೆ. ದೂರುದಾರರು ಸಾಕ್ಷಿ ಹೇಳುವ ದಿನ ಹಿಂದಿನ ಬೆಂಚಿನಲ್ಲಿ ಊರಿನವರು ನಾಲ್ಕು ಜನ ಬಂದು ಕೂತಿರಲಿ.