ಕೇಸ್ ಪೇಪರಿನಲ್ಲಿ ತಾರೀಖು: ದೊಡ್ಡ ಕಾಯಿಲೆಗಳನ್ನು ಬರೆಯುವಾಗ

ಮುಂಬೈಯ ಓಪಿಡಿ ಕೇಸ್ ಪೇಪರ್‌ಗಳಲ್ಲಿ ಈ ಸಾಲು ತುಂಬಾ ಕಾಣುತ್ತದೆ: 'ಕೆ/ಸಿ/ಓ ಡಿಎಂ, 5 ವರ್ಷದಿಂದ'. ಕೆ/ಸಿ/ಓ ಅಂದರೆ 'ನೋನ್ ಕೇಸ್ ಆಫ್', ಡಿಎಂ ಅಂದರೆ ಡಯಾಬಿಟಿಸ್: ಶುಗರ್ ಇರುವುದು ಮೊದಲೇ ಗೊತ್ತು, 5 ವರ್ಷ ಆಯಿತು ಅಂತ ಅರ್ಥ. 2018ರಲ್ಲಿ ಬರೆದಾಗ ಅದು ಸರಿ. ಹಳೇ ಪೇಪರ್ ನೋಡಿ 2024ರಲ್ಲೂ ಅದನ್ನೇ ನಕಲು ಮಾಡಿದರೆ? ರೋಗಿಯ ಶುಗರ್‌ಗೆ 11 ವರ್ಷ, ಕಾಗದದಲ್ಲಿ ಮಾತ್ರ ಇನ್ನೂ ಐದೇ. ಕಣ್ಣು, ಕಿಡ್ನಿ ಕೆಡುವ ಅಪಾಯ ಲೆಕ್ಕ ಹಾಕುವಾಗ ಶುಗರ್ ಎಷ್ಟು ಹಳೆಯದು ಅನ್ನುವುದೂ ಬೇಕಲ್ವಾ? ಹಾಗಾಗಿ 'ಡಿಎಂ, 2013ರಿಂದ' ಎಂದು ವರ್ಷವನ್ನೇ ಬರೆಯಿರಿ.

ಇನ್ನೊಂದು ಗೊಂದಲ ಎರಡು ತಾರೀಖುಗಳದ್ದು. ಮಾಟುಂಗದ ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದವರೊಬ್ಬರು ಎಂದುಕೊಳ್ಳಿ. ಊರಿಗೆ ಹೋದಾಗ ಎದೆನೋವು ಬಂತು, ಮಂಗಳೂರಿನಲ್ಲಿ ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಕೊಳವೆ) ಹಾಕಿದರು. ಅದು ನವೆಂಬರ್ 2023. ಇಲ್ಲಿ ಬಂದು ತೋರಿಸಿದ್ದು ಮಾರ್ಚ್ 2024. ಫೈಲಿನಲ್ಲಿ ಮಾರ್ಚ್ ಒಂದೇ ಇದ್ದರೆ ಮುಂದೆ ನೋಡುವವರು ಸ್ಟೆಂಟ್ ಹಾಕಿದ್ದೇ ಮಾರ್ಚಿನಲ್ಲಿ ಅಂದುಕೊಳ್ಳುತ್ತಾರೆ. ಸ್ಟೆಂಟ್ ಆದಮೇಲೆ ಸಾಮಾನ್ಯವಾಗಿ ಕೆಲವು ತಿಂಗಳು ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆಯೂ ನಡೆಯುತ್ತದೆ. ಮುಂದೆ ಇವರಿಗೆ ಹರ್ನಿಯಾ ಆಪರೇಷನ್ ಬೇಕಾಯಿತು ಅನ್ನಿ: ಈಗ ಮಾಡಬಹುದಾ, ಕಾಯಬೇಕಾ ಎಂದು ಸರ್ಜನ್ ಎಣಿಸುವುದು ಸ್ಟೆಂಟ್ ಹಾಕಿದ ದಿನದಿಂದ. ಆದದ್ದು ಯಾವಾಗ, ಬರೆದದ್ದು ಯಾವಾಗ, ಎರಡೂ ಬೇಕು.

ರೋಗಿಗಳಿಗೆ ಇಸವಿ ನೆನಪಿರುವುದಿಲ್ಲ, ಘಟನೆ ನೆನಪಿರುತ್ತದೆ.

'ಅಪೆಂಡಿಕ್ಸ್ ಆಪರೇಷನ್ ಯಾವಾಗ ಆಯ್ತು ಅಣ್ಣ?'

'ಆ ದೊಡ್ಡ ಮಳೆ ಬಂತಲ್ಲ ಮಾರಾಯ್ರೆ, ಅದರ ಮರುವರ್ಷ.'

ಮುಂಬೈಯಲ್ಲಿ ದೊಡ್ಡ ಮಳೆ ಅಂದರೆ 26 ಜುಲೈ 2005. ಆದ್ದರಿಂದ 'ಸುಮಾರು 2006, ರೋಗಿ ಹೇಳಿದ್ದು, ಕಾಗದ ಇಲ್ಲ' ಎಂದು ಬರೆಯಿರಿ. ಕಂಪ್ಯೂಟರ್ ಕೇಳುತ್ತದೆ ಅಂತ ಸುಮ್ನೆ 01-01-2006 ತುಂಬಬೇಡಿ, ನಾಳೆ ಅದನ್ನೇ ನಿಜವೆಂದು ನಂಬುತ್ತಾರೆ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಮಾಡುವ ಸರ್ಕಾರದ ಯೋಜನೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಳಸುವ ಎಫ್‌ಎಚ್‌ಐಆರ್ (ಕಂಪ್ಯೂಟರ್‌ಗಳ ನಡುವೆ ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಮಾನದಂಡ) ಮಾದರಿಯಲ್ಲಿ ಬರೀ ವರ್ಷ ಹಾಕಲು ಅವಕಾಶವಿದೆ. ಕಾಯಿಲೆ ಶುರುವಾದ ದಿನ, ವಾಸಿಯಾದ ದಿನ, ದಾಖಲಿಸಿದ ದಿನ, ಮೂರಕ್ಕೂ ಬೇರೆ ಬೇರೆ ಜಾಗವೂ ಇದೆ.

ಯಾವುದು 'ದೊಡ್ಡದು'? ಹತ್ತು ವರ್ಷದ ನಂತರ ಬೇರೊಬ್ಬ ಡಾಕ್ಟರರ ನಿರ್ಧಾರ ಇದರಿಂದ ಬದಲಾದೀತೇ ಎಂದು ಕೇಳಿಕೊಳ್ಳಿ. ನೆಗಡಿ ಬೇಡ. ಪೆನಿಸಿಲಿನ್‌ಗೆ ಮೈ ಊದಿಕೊಂಡದ್ದು ಖಂಡಿತ ಬೇಕು. ಟಿಬಿಯಂತೂ ಬೇಕೇ ಬೇಕು, ಆದರೆ 'ಟಿಬಿ 2011' ಅಷ್ಟೇ ಸಾಲದು: ಕೋರ್ಸ್ ಮುಗಿಸಿದರೇ, ಮಧ್ಯದಲ್ಲಿ ಬಿಟ್ಟರೇ ಎಂದೂ ಬರೆಯಬೇಕು. ಇವೆಲ್ಲ ಫೈಲಿನ ಮೊದಲ ಪುಟದಲ್ಲೇ ಇರಲಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ, ಸಮಸ್ಯೆಗಳ ಇಂಥ ಪಟ್ಟಿಯನ್ನು ಮುಂದಿಟ್ಟವರು ಅಮೆರಿಕದ ಡಾಕ್ಟರ್ ಲಾರೆನ್ಸ್ ವೀಡ್, ಅವರ ಪ್ರಸಿದ್ಧ ಲೇಖನ 1968ರದ್ದು.

ತಪ್ಪಾದರೆ ವೈಟ್ನರ್ ಬೇಡ. ಒಂದೇ ಗೆರೆ ಎಳೆಯಿರಿ, ಹಳೆಯದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ಅಂದಿನ ತಾರೀಖು.